ಬಟ್ಟಲು ನೋಡಿ, ಆಮೇಲೆ ಗೋಪುರ ನೋಡಿ

ಹೋದ ಸಂಚಿಕೆಯಲ್ಲಿ ಒಬ್ಬರು, ಚೀನಾಕ್ಕೆ ಹೋದರೆ ಯಾವ ಮ್ಯೂಸಿಯಂ ನೋಡಬೇಕು ಎಂದು ಕೇಳಿದ್ದರು. ಬೀಜಿಂಗ್ ಅಂತೀನಿ ಅಂದುಕೊಂಡಿದ್ದರೋ ಏನೋ, ನಾನು ಸುಝೌ ಅಂದೆ. ಆ ಊರಿನಲ್ಲಿ ಆರು ವರ್ಷ ಒಂದು ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆದುಕೊಂಡು ಇದ್ದವಳು ನಾನು. ಭಾಷೆ ಅರೆಬರೆ, ಸ್ನೇಹಿತರು ಕಡಿಮೆ. ಭಾನುವಾರ ಬಂದರೆ ಊರಿನ ಮ್ಯೂಸಿಯಂಗೆ ಹೋಗಿ ಕೂರುತ್ತಿದ್ದೆ. ಟಿಕೆಟ್ ಇಲ್ಲ, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಪಾಂಡಿತ್ಯ ಏನೂ ಇಲ್ಲ, ಸುಮ್ನೆ ನೋಡಿ ನೋಡಿ ಪರಿಚಯ ಆದದ್ದು. ಆ ಉತ್ತರ ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಶಾಂಘೈನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಸುಝೌಗೆ ಒಂದು ದಿನ ಬಿಡುವು ಮಾಡಿಕೊಳ್ಳಬಹುದು. ನಮ್ಮ ಯಜಮಾನರಿಗೆ ಮ್ಯೂಸಿಯಂ ಅಂದರೆ ಮಡಕೆ ಚೂರು, ಕಾಲು ನೋವು, ಅಷ್ಟೇ. ಹೋಗಬಹುದಾ? — ಒಬ್ಬ ಗೃಹಿಣಿ

ಹೋಗಿ. ನಿಮ್ಮ ಯಜಮಾನರ ಕಾಲಿಗೂ ಈ ಮ್ಯೂಸಿಯಂ ಒಳ್ಳೆಯದೇ, ದೊಡ್ಡದಲ್ಲ. ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಶಾಂಘೈನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಆಚೆ ಈಚೆ. ರೈಲು ಬುಕ್ ಮಾಡುವಾಗ ಒಂದು ವಿಷಯ ನೋಡಿಕೊಳ್ಳಿ. ಸುಝೌ ಎಂಬ ಹೆಸರಿನ ನಿಲ್ದಾಣ ಒಂದಲ್ಲ. ಬರೀ 'ಸುಝೌ' ಎಂದಿರುವುದೇ ಹಳೇ ಪೇಟೆಗೆ ಹತ್ತಿರ. 'ಸುಝೌ ಉತ್ತರ' ಎಂದಿದ್ದರೆ ಇಳಿದ ಮೇಲೆ ಮತ್ತೆ ಮೆಟ್ರೊದಲ್ಲಿ ಬಹಳ ದೂರ ಬರಬೇಕು.

ಸೋಮವಾರ ರಜ. ಮಿಕ್ಕ ದಿನ ಪ್ರವೇಶ ಉಚಿತ, ಆದರೆ ಮುಂಚೆಯೇ ಮೊಬೈಲಿನಲ್ಲಿ ದಿನ ಮತ್ತು ಹೊತ್ತು ಕಾಯ್ದಿರಿಸಬೇಕು. ಉಚಿತ ಅಲ್ವಾ, ಹೋದರೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಶನಿವಾರ, ಭಾನುವಾರದ ಜಾಗ ಬೇಗ ತುಂಬಿಬಿಡುತ್ತದೆ. ಮಗಳ ಹತ್ತಿರ ವೀಚ್ಯಾಟ್, ಅಂದರೆ ಅಲ್ಲಿನವರ ವಾಟ್ಸಾಪ್, ಇದ್ದೇ ಇರುತ್ತದೆ, ಅವಳಿಗೇ ಹೇಳಿ ಮಾಡಿಸಿ.

ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಅದರ ಫೋಟೋ ಅಲ್ಲ. ಮೊದಲ ಸಲ ನಾನು ಫೋನಿನಲ್ಲಿದ್ದ ಫೋಟೋ ತೋರಿಸಿ ಹಲ್ಲು ಕಿರಿದಿದ್ದೆ. ಗೇಟಿನಲ್ಲಿದ್ದ ಹುಡುಗ ಬಹಳ ವಿನಯದಿಂದ, ಎರಡೂ ಕೈ ಅಡ್ಡ ಮಾಡಿ ಆಗೋದಿಲ್ಲ ಅಂದ. ಬಸ್ಸು ಹತ್ತಿ ಮನೆಗೆ ಹೋಗಿ ಪಾಸ್‌ಪೋರ್ಟ್ ತರುವ ಹೊತ್ತಿಗೆ ನನ್ನ ಸಮಯ ಮುಗಿದಿತ್ತು. ಅವತ್ತು ಮ್ಯೂಸಿಯಂ ಮುಂದಿನ ಕಾಲುವೆ ದಂಡೆಯಲ್ಲಿ ಕೂತು ಮನೆಗೆ ವಾಪಸ್ ಹೋದೆ. ತಪ್ಪು ನನ್ನದೇ.

ಪ್ರಶ್ನೆ: ಅಲ್ಲಿ ಒಂದು ಹಸಿರು ಬಟ್ಟಲು ನೋಡಲು ಜನ ಕ್ಯೂ ನಿಲ್ಲುತ್ತಾರೆ ಎಂದು ಬರೆದಿದ್ದಿರಿ. ಬಟ್ಟಲಿನಲ್ಲಿ ಅಂಥದ್ದೇನಿದೆ? — ಒಬ್ಬ ಓದುಗರು, ಸ್ವಲ್ಪ ಸಿಟ್ಟಿನಲ್ಲಿ

ನಿಮ್ಮ ಸಿಟ್ಟು ನ್ಯಾಯವೇ. ಮೊದಲ ಸಲ ನಾನೂ ಇಷ್ಟೇನಾ ಅಂದುಕೊಂಡೆ. ಕೆಳಗಿನ ತಟ್ಟೆಯೂ ಸೇರಿ ಅದರ ಎತ್ತರ 13.5 ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಬಟ್ಟಲು ಬೇರೆ, ಅದನ್ನು ಕೂರಿಸುವ ಪೀಠ ಬೇರೆ. ಎರಡರ ಮೈ ಮೇಲೂ ತಾವರೆ ದಳ. ಒಂದು ಸಾಲಿನ ದಳಗಳ ಸಂದಿಯಿಂದ ಮುಂದಿನ ಸಾಲು ಇಣುಕುತ್ತದೆ. ಬಟ್ಟಲನ್ನು ಪೀಠದಲ್ಲಿ ಇಟ್ಟರೆ ಇಡೀ ಹೂವು ಒಂದೇ ಅನ್ನಿಸುತ್ತದೆ.

ಸ್ವಲ್ಪ ಹೊತ್ತು ನಿಂತು ನೋಡಿದರೆ ಬಣ್ಣ ಒಂದೇ ಅಲ್ಲ ಅಂತ ಗೊತ್ತಾಗುತ್ತದೆ. ದಳದ ಅಂಚು ಉಬ್ಬಿದ ಕಡೆ ಮೆರುಗು ತೆಳುವಾಗಿ ಬಣ್ಣ ಬಿಳಿಚಿಕೊಂಡಿದೆ. ಸಂದಿಯಲ್ಲಿ ಅದೇ ಮೆರುಗು ಇಳಿದು ನಿಂತು ಗಾಢವಾಗಿದೆ. ಬೆರಳು ಮುಟ್ಟಿಸಿದರೆ ಒದ್ದೆಯಾಗಬಹುದು ಅನ್ನುವ ಹಾಗೆ. ಗಾಜಿನ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬನ್ನಿ, ಬೆಳಕು ಬಿದ್ದ ಹಾಗೆ ಹಸಿರು ಒಮ್ಮೆ ಬೂದಿಗೆ, ಒಮ್ಮೆ ನೀಲಿಗೆ ವಾಲುತ್ತದೆ.

ಇನ್ನು ಕಥೆ. ಈ ಬಗೆಯ ಪಿಂಗಾಣಿಗೆ ಚೀನೀಯರು 'ಮಿ ಸ' ಅನ್ನುತ್ತಾರೆ. ಗುಟ್ಟಿನ ಬಣ್ಣ ಅಂತ ಅರ್ಥ. ತಾಂಗ್ ಅರಸರ ಕಾಲದಲ್ಲೇ, ಅಂದರೆ ಸಾವಿರದ ನೂರು ವರ್ಷದ ಹಿಂದೆಯೇ, ಸುಝೌ ಕಡೆಯ ಕವಿ ಲು ಗ್ವೇಮಂಗ್ ಇದರ ಮೇಲೆ ಪದ್ಯ ಕಟ್ಟಿದ್ದ: ಶರತ್ಕಾಲದ ಇಬ್ಬನಿಯಲ್ಲಿ ಪಿಂಗಾಣಿ ಸುಡುವ ಗೂಡು ತೆರೆದರೆ, ಸಾವಿರ ಬೆಟ್ಟದ ಹಸಿರನ್ನೇ ಕದ್ದು ತಂದ ಹಾಗೆ ಎಂದು. ಪದ್ಯ ಎಲ್ಲರಿಗೂ ಬಾಯಿಪಾಠ. ಆದರೆ ಆ ಪಾತ್ರೆ ಯಾವುದು, ಹೇಗಿರುತ್ತದೆ ಅಂತ ತೋರಿಸುವವರೇ ಇರಲಿಲ್ಲ. ಹೆಸರು ಮಾತ್ರ ಉಳಿದಿತ್ತು.

ಸುಝೌ ಊರಾಚೆ ಹುಲಿ ಗುಡ್ಡ ಅಂತ ಇದೆ. ಅದರ ಮೇಲೆ ಏಳು ಅಂತಸ್ತಿನ ಇಟ್ಟಿಗೆ ಗೋಪುರ. ಕಟ್ಟಲು ಶುರು ಮಾಡಿದ್ದು 959ರಲ್ಲಿ, ಮುಗಿಸಿದ್ದು 961ರಲ್ಲಿ. ಬುಡದ ಅರ್ಧ ಬಂಡೆ ಮೇಲೆ, ಅರ್ಧ ಮೆತ್ತನೆ ಮಣ್ಣಿನ ಮೇಲೆ ಕೂತದ್ದರಿಂದ ಅದು ವಾಲಿಕೊಂಡಿದೆ. ತುದಿ ನೆಟ್ಟಗಿರಬೇಕಾದ ಜಾಗದಿಂದ ಎರಡು ಮೀಟರಿಗೂ ಜಾಸ್ತಿ ಆಚೆಗೆ ಸರಿದಿದೆ. 1956–57ರಲ್ಲಿ ಅದನ್ನು ರಿಪೇರಿ ಮಾಡುವಾಗ ಒಳಗೆ ಮುಚ್ಚಿಟ್ಟಿದ್ದ ಬೌದ್ಧ ಧರ್ಮದ ಪೂಜಾ ವಸ್ತುಗಳು ಸಿಕ್ಕವು. ಅವುಗಳ ಜೊತೆ ಈ ಬಟ್ಟಲು. ಚೆಂದದ ಹಸಿರು ಪಿಂಗಾಣಿ ಅಂತ ತಂದಿಟ್ಟರು, ಅಷ್ಟೇ.

ಆಮೇಲೆ ಮೂವತ್ತು ವರ್ಷ ಕಳೆಯಿತು. 1987ರಲ್ಲಿ, ಸುಝೌಗೆ ಏನೂ ಸಂಬಂಧ ಇಲ್ಲದ ದೂರದ ಶಾನ್‌ಶಿ ಪ್ರಾಂತ್ಯದಲ್ಲಿ, ಫಾಮನ್ ದೇವಾಲಯದ ಗೋಪುರದ ಕೆಳಗಿನ ನೆಲಮಾಳಿಗೆ ತೆರೆದರು. ತಾಂಗ್ ಅರಸರು ಕೊಟ್ಟ ಕಾಣಿಕೆಗಳು ಅಲ್ಲಿದ್ದವು. ನನ್ನಂಥ ಲೆಕ್ಕದವಳಿಗೆ ಖುಷಿ ಕೊಡುವ ಸಂಗತಿ ಏನೆಂದರೆ, ಅಲ್ಲಿ ಒಂದು ಸ್ಟಾಕ್ ಪಟ್ಟಿಯೂ ಇತ್ತು. ಕಲ್ಲಿನಲ್ಲಿ ಕೆತ್ತಿದ ಪಟ್ಟಿ! ಗುಟ್ಟಿನ ಬಣ್ಣದ ಬಟ್ಟಲು ಏಳು, ತಟ್ಟೆಗಳು ಆರು ಅಂತ ಎಣಿಸಿ ಬರೆದಿದ್ದರು. ಪಕ್ಕದಲ್ಲೇ ಹದಿಮೂರು ಪಾತ್ರೆಗಳೂ ಇದ್ದವು. ಪಟ್ಟಿ, ಮಾಲು ಎರಡೂ ತಾಳೆಯಾದವು. ಓಹೋ, ಗುಟ್ಟಿನ ಬಣ್ಣ ಅಂದರೆ ಇದಾ ಅಂತ ಆಗ ಗೊತ್ತಾಯಿತು. ಹಾಗಾದರೆ ಸುಝೌ ಬಟ್ಟಲೂ ಅದೇ ಅಲ್ವಾ ಅಂತ ತಿರುಗಿ ನೋಡಿದರು. ಮೂವತ್ತು ವರ್ಷದಿಂದ ಮನೆಯಲ್ಲೇ ಇದ್ದ ವಸ್ತುವಿನ ಹೆಸರು ಬೇರೆ ಊರಿನ ರಸೀದಿ ನೋಡಿ ತಿಳಿದದ್ದು.

ಒಂದು ಸಲಹೆ. ಬೆಳಿಗ್ಗೆ ಬಟ್ಟಲು ನೋಡಿ, ಮಧ್ಯಾಹ್ನ ಬಸ್ಸು ಹತ್ತಿ ಹುಲಿ ಗುಡ್ಡಕ್ಕೆ ಹೋಗಿ ಆ ವಾಲಿದ ಗೋಪುರದ ಕೆಳಗೆ ನಿಲ್ಲಿ. ದೊಡ್ಡ ರಾಜಧಾನಿಯ ಮ್ಯೂಸಿಯಂಗಳಲ್ಲಿ ಇದು ಆಗುವುದಿಲ್ಲ. ಅಲ್ಲಿ ವಸ್ತು ಒಂದು ಕಡೆ, ಅದು ಸಿಕ್ಕ ಊರು ಸಾವಿರ ಮೈಲಿ ಆಚೆ. ಸುಝೌನಲ್ಲಿ ಬಟ್ಟಲಿನ ಮನೆ ಬಸ್ಸಿನ ದೂರದಲ್ಲಿದೆ. ನಾನು ಸುಝೌ ಅಂದದ್ದಕ್ಕೆ ಇದೇ ಕಾರಣ.

ಪ್ರಶ್ನೆ: ಬೌದ್ಧ ಧರ್ಮ ನಮ್ಮ ದೇಶದಿಂದ ಹೋದದ್ದು. ಆ ಮ್ಯೂಸಿಯಂನಲ್ಲಿ ನಮ್ಮ ಕಡೆಯದು ಅನ್ನಬಹುದಾದ್ದು ಏನಾದರೂ ಕಣ್ಣಿಗೆ ಬಿತ್ತೇ? — ನಿವೃತ್ತ ಶಿಕ್ಷಕರು

ಬಿತ್ತು ಮೇಷ್ಟ್ರೇ. ಆದರೆ ಅದನ್ನು ನಮ್ಮದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಾಡಿದ ಕೈ ಪೂರ್ತಿ ಅವರದು.

ಊರಿನ ನೈಋತ್ಯ ಮೂಲೆಯಲ್ಲಿ ಪಾನ್ ಹೆಬ್ಬಾಗಿಲ ಹತ್ತಿರ ರ್‍ವೇಗ್ವಾಂಗ್ ಅನ್ನುವ ಇನ್ನೊಂದು ಗೋಪುರ ಇದೆ. 1978ರಲ್ಲಿ ಅದು ಪಾಳು ಬಿದ್ದಿತ್ತು. ಕೆಲವು ಹುಡುಗರು ಹಕ್ಕಿ ಗೂಡು ಹುಡುಕಿಕೊಂಡು ಹತ್ತಿದವರು, ಗೋಪುರದ ಮೂರನೇ ಅಂತಸ್ತಿನ ನಡುವೆ ಮುಚ್ಚಿದ್ದ ಗೂಡಿಗೆ ಕೈ ಹಾಕಿದರು. ಸಿಕ್ಕದ್ದು ಸಾವಿರ ವರ್ಷದ ಹಿಂದೆ, ಸಾಂಗ್ ಅರಸರ ಕಾಲದಲ್ಲಿ ಮುಚ್ಚಿಟ್ಟ ಮುತ್ತಿನ ಸ್ತಂಭ. ಎತ್ತರ 122.6 ಸೆಂಟಿಮೀಟರ್, ಏಳು ವರ್ಷದ ಮಗು ನಿಂತಷ್ಟು. ಹತ್ತಾರು ಸಾವಿರ ಮುತ್ತು, ಬೆಳ್ಳಿ ತಂತಿಯಲ್ಲಿ ಪೋಣಿಸಿದ್ದು. ಒಂದೊಂದು ಮುತ್ತು ಸಾಸಿವೆಯೋ ರಾಗಿಯೋ ಅನ್ನುವಷ್ಟು ಚಿಕ್ಕದು.

ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಬುಡದಲ್ಲಿ ಎಂಟು ಮೂಲೆಯ ಪೀಠ. ಅದರ ಮೇಲೆ ಅಲೆ ಏಳುವ ಕಡಲು. ಕಡಲಿನಿಂದ ಎದ್ದು ನಿಂತದ್ದು ಮೇರು ಪರ್ವತ. ಅವರು 'ಶುಮಿ' ಅನ್ನುತ್ತಾರೆ. ಬೋರ್ಡಿನ ಮೇಲೆ ಆ ಅಕ್ಷರ ಓದಿ, ಸುಮೇರು ಅಂತ ಹೊಳೆದಾಗ ಒಬ್ಬಳೇ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ ಒಂದು ಥರಾ ನೋಡಿದರು. ಪರ್ವತಕ್ಕೆ ಒಂಬತ್ತು ತಲೆಯ ಡ್ರ್ಯಾಗನ್ ಸುತ್ತಿಕೊಂಡಿದೆ. ನಮ್ಮ ಕಣ್ಣಿಗೆ ಅದು ಶೇಷನೋ ವಾಸುಕಿಯೋ ಅನ್ನಿಸಿದರೆ ತಪ್ಪೇನಿಲ್ಲ. ನಾಲ್ಕು ದಿಕ್ಕಿಗೆ ದಿಕ್ಪಾಲರಿದ್ದಾರೆ. ಬೆರಳುದ್ದದ ಮರದ ಬೊಂಬೆಗಳು. ಒಬ್ಬೊಬ್ಬನ ಸಿಟ್ಟೂ ಬೇರೆ ಬೇರೆ. ಒಳಗಡೆ ತಿಳಿ ಹಸಿರು ಬಣ್ಣದ, ಸೋರೆ ಬುರುಡೆ ಆಕಾರದ ಪುಟ್ಟ ಶೀಸೆ. ಅದರಲ್ಲಿ ಒಂಬತ್ತು ಧಾತು ಕಣಗಳಿದ್ದವು, ಅಂದರೆ ಬೌದ್ಧರು ಪೂಜಿಸುವ ಪವಿತ್ರ ಅಸ್ಥಿಯ ಕಣಗಳು. ಇಷ್ಟೆಲ್ಲ ಮುತ್ತು, ಬೆಳ್ಳಿ, ಬಂಗಾರ ಆ ಒಂಬತ್ತು ಕಣಗಳಿಗೆ ಕಟ್ಟಿದ ಮನೆ.

ನಿಮಗೆ ಇದಕ್ಕಿಂತ ಇಷ್ಟವಾಗುವುದು ಅದೇ ಗೋಪುರದಲ್ಲಿ ಸಿಕ್ಕ ಎರಡು ಕಾಗದ. ಮರದ ಅಚ್ಚಿನಲ್ಲಿ ಮುದ್ರಿಸಿದ ಮಹಾಪ್ರತಿಸರಾ ಧಾರಣಿ ಅನ್ನುವ ಬೌದ್ಧರ ರಕ್ಷಾ ಮಂತ್ರ. ಒಂದು 1001ರದು, ಚೀನೀ ಅಕ್ಷರದಲ್ಲಿ. ಇನ್ನೊಂದು 1005ರದು, ಸಂಸ್ಕೃತದಲ್ಲಿ. ಓದಲು ಬರುವವರು ಊರಿನಲ್ಲಿ ಎಷ್ಟು ಮಂದಿ ಇದ್ದರೋ. ಆದರೂ ಅಚ್ಚಿನ ಹಲಗೆ ಕೊರೆದು ಮುದ್ರಿಸಿ ಗೋಪುರದೊಳಗೆ ಇಟ್ಟರು. ಕಾಗದ ಆದ್ದರಿಂದ ಯಾವಾಗಲೂ ಬೆಳಕಿಗೆ ಇಟ್ಟಿರುವುದಿಲ್ಲ. ಕಾಣುತ್ತದೆ ಅಂತಲೇ ನಂಬಿ ಹೋಗಬೇಡಿ.

ಪ್ರಶ್ನೆ: ಪ್ಯಾರಿಸ್‌ನ ಲೂವ್ರ್ ಮುಂದೆ ಗಾಜಿನ ಪಿರಮಿಡ್ ಕಟ್ಟಿದವರೇ ಸುಝೌ ಮ್ಯೂಸಿಯಂ ಕಟ್ಟಿದ್ದಂತೆ, ನಿಜವಾ? ಅಲ್ಲೂ ಗಾಜೇನಾ? — ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿನಿ

ಅವರೇ, ಐ.ಎಂ. ಪೇ. ಹುಟ್ಟಿದ್ದು 1917ರಲ್ಲಿ, ಗ್ವಾಂಗ್‌ಝೌನಲ್ಲಿ. ಮನೆತನ ಮಾತ್ರ ಸುಝೌದು. ಚಿಕ್ಕವರಿದ್ದಾಗ ಬೇಸಿಗೆಗೆ ಅಜ್ಜನ ಊರಿಗೆ ಬರುತ್ತಿದ್ದರು. ಇವತ್ತಿನ ಮ್ಯೂಸಿಯಂನಿಂದ ಕೆಲವೇ ನಿಮಿಷ ನಡೆದರೆ ಸಿಂಹವನ ಅನ್ನುವ ಹಳೇ ತೋಟ. ಆಗ ಅದು ಅವರ ಕುಟುಂಬದ್ದೇ. ಅಮೆರಿಕಕ್ಕೆ ಹೋಗಿ ಜಗತ್ತೆಲ್ಲ ಕಟ್ಟಿ, 85 ದಾಟುವ ಹೊತ್ತಿಗೆ ಈ ಕೆಲಸ ಒಪ್ಪಿಕೊಂಡರು. 2006ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದಾಗ ಅವರಿಗೆ 89. ಈ ಕಟ್ಟಡವನ್ನು ನನ್ನ ಕಿರಿ ಮಗಳು ಅನ್ನುತ್ತಿದ್ದರು. 2019ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಾಜು ಇದೆ, ಆದರೆ ಮೆರೆಯುವುದಿಲ್ಲ. ಸುಝೌ ಹಳೇ ಮನೆಗಳೆಲ್ಲ ಬಿಳಿ ಸುಣ್ಣದ ಗೋಡೆ, ಕಪ್ಪು ಹೆಂಚು. ಪೇ ಗೋಡೆ ಬಿಳಿ ಇಟ್ಟರು, ಹೆಂಚು ಬಿಟ್ಟರು. ಹೆಂಚು ಒಡೆಯುತ್ತದೆ, ವರ್ಷವರ್ಷ ಕೈಯಾಡಿಸಬೇಕು. ಅದರ ಬದಲು ಕಪ್ಪು ಗ್ರಾನೈಟನ್ನು ಶಂಕರಪೋಳಿ ಆಕಾರಕ್ಕೆ ಕೊಯ್ದು ಹೊದಿಸಿದರು. ಇದನ್ನು ಮಳೆಯಲ್ಲಿ ನೋಡಬೇಕು. ಬಿಸಿಲಿನಲ್ಲಿ ಬೂದಿ ಬಣ್ಣ. ಹನಿ ಬೀಳುತ್ತಿದ್ದ ಹಾಗೆ ಚುಕ್ಕೆ ಚುಕ್ಕೆಯಾಗಿ, ಹತ್ತು ನಿಮಿಷದಲ್ಲಿ ಇಡೀ ಚಾವಣಿ ಮಸಿ ಕಪ್ಪು. ಜೂನಿನಲ್ಲಿ ಅಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ, ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ. ನಾನಂತೂ ಆಗಲೇ ಜಾಸ್ತಿ ಹೋಗುತ್ತಿದ್ದೆ.

ಅಕ್ಕಪಕ್ಕ ಎಲ್ಲ ತಗ್ಗು ಮನೆಗಳು. ಅದಕ್ಕೆ ಈ ಕಟ್ಟಡವೂ ತಲೆ ಎತ್ತುವುದಿಲ್ಲ. ನಡುವಿನ ಹಜಾರವೇ 16 ಮೀಟರ್. ಜಾಗ ಸಾಲದ್ದಕ್ಕೆ ಒಂದು ಅಂತಸ್ತು ನೆಲದೊಳಗೆ ಹೋಗಿದೆ.

ನೀವು ನೋಡಲೇಬೇಕಾದದ್ದು ಕೊಳದ ಆಚೆ ದಂಡೆಯ ಕಲ್ಲುಗಳು. ಸುಝೌ ತೋಟಗಳಲ್ಲಿ ತೈ ಸರೋವರದ ತೂತು ತೂತು ಕಲ್ಲುಗಳಿಗೆ ಬಹಳ ಮರ್ಯಾದೆ. ಹಿಂದಿನವರು ಕಲ್ಲನ್ನು ಆರಿಸಿ ನೀರಿನಲ್ಲಿ ಇಟ್ಟು ಬರುತ್ತಿದ್ದರಂತೆ. ನೀರು ಅದನ್ನು ಕೊರೆದು ಮುಗಿಸುವ ಹೊತ್ತಿಗೆ ಮಗನ ಕಾಲ, ಇಲ್ಲವೇ ಮೊಮ್ಮಗನ ಕಾಲ. ಇದನ್ನು ಹೇಳುವುದೆಂದರೆ ಪೇಗೆ ಬಲು ಇಷ್ಟ. ಆದರೆ ತಮ್ಮ ಕಟ್ಟಡಕ್ಕೆ ಅವರು ಆ ಕಲ್ಲು ತರಲಿಲ್ಲ. ಹಳಬರು ಅದರಲ್ಲಿ ಮಾಡಬೇಕಾದದ್ದೆಲ್ಲ ಮಾಡಿ ಮುಗಿಸಿದ್ದಾರೆ, ನಾನು ಮತ್ತೆ ಏನು ಮಾಡಲಿ ಅನ್ನುವ ಲೆಕ್ಕ. ಶಾನ್‌ಡಾಂಗ್ ಪ್ರಾಂತ್ಯದಿಂದ ಬಂಡೆ ತರಿಸಿ, ಬ್ರೆಡ್ಡಿನ ಹಾಗೆ ಹೋಳು ಮಾಡಿಸಿ, ಬೆಂಕಿ ಹಿಡಿದು ಬಣ್ಣ ಮಾಗಿಸಿ, ಬಿಳಿ ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಮುಂದಿನವು ಕಪ್ಪು, ಹಿಂದಿನವು ತಿಳಿ. ಸಾಂಗ್ ಕಾಲದ ಚಿತ್ರಗಾರ ಮಿ ಫು ಮಸಿಯಲ್ಲಿ ಬರೆಯುತ್ತಿದ್ದ ಮಂಜಿನ ಬೆಟ್ಟಗಳು ಅವರ ಮನಸ್ಸಿನಲ್ಲಿದ್ದವು. ಮಂಜು ಬಿದ್ದ ಬೆಳಿಗ್ಗೆ ಕಲ್ಲಿನ ಬುಡ ಕಾಣುವುದಿಲ್ಲ. ಆಗ ಗೋಡೆ ಕಾಗದವೇ.

ಆ ಗೋಡೆ ಪಕ್ಕದ ಮನೆಯದು. ಅದರ ಆಚೆ ಇರುವುದು ಝುವೋಝಂಗ್ ತೋಟ, ಸುಝೌನಲ್ಲೇ ಹೆಸರುವಾಸಿ, ಹದಿನಾರನೇ ಶತಮಾನದ್ದು. ಅದರ ಜಾಗದಲ್ಲಿ ಹಿಂದೆ ಯಾರ ಮನೆ ಇತ್ತು ಎಂದು ಹೇಳುತ್ತಾರೆ ಗೊತ್ತಾ? ಮೇಲೆ ಬಟ್ಟಲಿನ ಪದ್ಯ ಬರೆದ ಲು ಗ್ವೇಮಂಗ್‌ನದು.

ಪ್ರಶ್ನೆ: ನಾನು ರೇಷ್ಮೆ ನೇಯುವವನು. ಸುಝೌ ರೇಷ್ಮೆಯಲ್ಲಿ ನೋಡಬೇಕಾದದ್ದು ಯಾವುದು? — ಒಬ್ಬ ನೇಕಾರರು

ಕಸೂತಿ ನೋಡಲು ಎಲ್ಲರೂ ಹೋಗುತ್ತಾರೆ. ನೀವು ನೇಯುವವರು, 'ಕ ಸ' ಅನ್ನುವ ನೇಯ್ಗೆ ಹುಡುಕಿ ನೋಡಿ. ಹಾಸು ಈ ತುದಿಯಿಂದ ಆ ತುದಿಗೆ ನೇರ ಹೋಗುತ್ತದೆ. ಹೊಕ್ಕು ಹೋಗುವುದಿಲ್ಲ. ಎಲ್ಲಿ ಆ ಬಣ್ಣ ಬೇಕೋ ಅಲ್ಲಿ ಮಾತ್ರ ಓಡಾಡಿ ಹಿಂದಕ್ಕೆ ಬರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಪುಟ್ಟ ಲಾಳಿ. ಒಂದು ಹೂವಿನ ಎಸಳಿಗೆ ಹತ್ತು ಹನ್ನೆರಡು ಸಲ ಲಾಳಿ ಬದಲಾದರೂ ಆಶ್ಚರ್ಯ ಇಲ್ಲ. ಎರಡು ಬಣ್ಣ ಸೇರುವ ಕಡೆ ನೂಲು ಒಂದಕ್ಕೊಂದು ಹೆಣೆದುಕೊಳ್ಳದೆ ಕೂದಲೆಳೆ ಸಂದು ಉಳಿಯುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆ ಸಂದುಗಳಲ್ಲಿ ಬೆಳಕು ಬಂದು, ಚಿತ್ರವನ್ನು ಚಾಕುವಿನಲ್ಲಿ ಕೊರೆದ ಹಾಗೆ ಕಾಣುತ್ತದೆ. ಹಿಂದು ಮುಂದು ಎರಡೂ ಕಡೆ ಒಂದೇ ಚಿತ್ರ. ಸಾಂಗ್ ಕಾಲದ ಶನ್ ಝಿಫಾನ್ ಈ ನೇಯ್ಗೆಯಲ್ಲಿ ಬಹಳ ಹೆಸರು ಮಾಡಿದವನು, ಸುಝೌ ಕಡೆಯವನೇ.

ಒಂದು ಎಚ್ಚರಿಕೆ. ಬಾಡಿಗೆ ಕಾರಿನವರೋ ಗೈಡೋ 'ರೇಷ್ಮೆ ಮ್ಯೂಸಿಯಂ' ಅಂತ ಕರೆದುಕೊಂಡು ಹೋಗುತ್ತೇವೆ ಅಂದರೆ ಅಂಗಡಿಯೋ ನಿಜವಾದ ಮ್ಯೂಸಿಯಮ್ಮೋ ಅಂತ ಕೇಳಿಕೊಳ್ಳಿ. ನಮ್ಮ ಆಫೀಸಿಗೆ ಬಂದ ಅತಿಥಿಗಳ ಜೊತೆ ನಾನು ಒಮ್ಮೆ ಹೀಗೇ ಹೋಗಿ, ಎರಡು ಗಂಟೆ ರಜಾಯಿ ಮಾರುವವರ ಭಾಷಣ ಕೇಳಿದ್ದೇನೆ. ಒಂದು ರಜಾಯಿ ಹೊತ್ತುಕೊಂಡು ಬಂದೆ. ಚೆನ್ನಾಗಿದೆ, ಆದರೆ ಅದು ಬೇರೆ ಮಾತು.

ಪ್ರಶ್ನೆ: ಆಂಟಿ, ಅಲ್ಲಿ ಕತ್ತಿ ಇದೆಯಾ? — ಐದನೇ ಕ್ಲಾಸು

ಇದೆ ಮರಿ. ಎರಡು ಸಾವಿರದ ಐನೂರು ವರ್ಷದ ಹಿಂದೆ ಸುಝೌ ಆಳಿದ ವೂ ದೇಶದ ರಾಜ ಫೂಚಾಯ್‌ನ ಕಂಚಿನ ಕತ್ತಿ. ಉದ್ದ 58.3 ಸೆಂಟಿಮೀಟರ್. ನಿನ್ನ ಸ್ಕೇಲು ಎರಡು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ಹತ್ತು ಅಕ್ಷರ ಇದೆ, ರಾಜ ಇದನ್ನು ತನಗೇ ಅಂತ ಮಾಡಿಸಿಕೊಂಡ ಎಂದು. ಅವನನ್ನು ಸೋಲಿಸಿದ ಗೌಜಿಯನ್ ರಾಜನ ಕತ್ತಿಯೂ ಸಿಕ್ಕಿದೆ, 1965ರಲ್ಲಿ. ಅದು ವುಹಾನ್ ಊರಿನ ಮ್ಯೂಸಿಯಂನಲ್ಲಿದೆ. ಇಬ್ಬರ ಕತ್ತಿಯನ್ನೂ ದೂರ ದೂರ ಇಟ್ಟಿದ್ದಾರೆ, ಒಳ್ಳೆಯದೇ ಆಯಿತು.

ಪ್ರಶ್ನೆ: ನೆನಪಿಗೆ ಏನಾದರೂ ತರಬಹುದಾ? ಆಯಸ್ಕಾಂತ, ಕೀ ಚೈನು ಬೇಡ. — ಮೊದಲ ಪ್ರಶ್ನೆಯ ಗೃಹಿಣಿಯೇ, ಎರಡನೇ ಕಾಗದದಲ್ಲಿ

ಅಲ್ಲಿ ಮಾರುವ ವಸ್ತುಗಳಲ್ಲಿ ನನಗೆ ಇಷ್ಟವಾದದ್ದು ಬೀಜ. ಮ್ಯೂಸಿಯಂ ಶುರುವಾದದ್ದು 1960ರಲ್ಲಿ, ಈ ಹೊಸ ಕಟ್ಟಡದ ಪಕ್ಕದ ಹಳೇ ಅರಮನೆಯಲ್ಲಿ. ಅದರ ಅಂಗಳದಲ್ಲಿ ನೇರಳೆ ಗೊಂಚಲು ಬಿಡುವ ವಿಸ್ಟೀರಿಯಾ ಬಳ್ಳಿ ಇದೆ. ಐನೂರು ವರ್ಷದ ಹಿಂದಿನ, ಮಿಂಗ್ ಅರಸರ ಕಾಲದ ಚಿತ್ರಗಾರ ವನ್ ಝಂಗ್‌ಮಿಂಗ್ ತನ್ನ ಕೈಯಾರೆ ನೆಟ್ಟದ್ದು ಅನ್ನುತ್ತಾರೆ. ಸರ್ಕಾರಿ ಪರೀಕ್ಷೆಯಲ್ಲಿ ಸಲ ಸಲವೂ ನಪಾಸಾಗಿ, ಚಿತ್ರದಲ್ಲಿ ಗೆದ್ದು, ತೊಂಬತ್ತರ ತನಕ ಬದುಕಿದವನು. ಬಳ್ಳಿ ಈಗ ಬಳ್ಳಿಯ ಹಾಗೆ ಇಲ್ಲ, ಕಾಂಡ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮರವಾಗಿದೆ. ಪೇ ಅದರ ಒಂದು ಕೊಂಬೆ ತರಿಸಿ ಹೊಸ ಅಂಗಳದ ಬಳ್ಳಿಗೆ ಕಸಿ ಮಾಡಿಸಿದರು. ಏಪ್ರಿಲ್ ಮೊದಲ ವಾರಗಳಲ್ಲಿ ಎರಡೂ ಕಡೆ ಹೂವು.

ಹಳೇ ಬಳ್ಳಿಯ ಕಾಯಿ ಬಿಡಿಸಿ, ಪುಟ್ಟ ಪೆಟ್ಟಿಗೆಯಲ್ಲಿ ಮೂರು ಬೀಜ ಇಟ್ಟು ಮಾರುತ್ತಾರೆ. ನಾನು ಕೊಂಡಾಗ 25 ಯುವಾನ್. ಆದರೆ ನೀವು ಕೊಳ್ಳುವುದಾದರೆ ಮಗಳ ಶಾಂಘೈ ಬಾಲ್ಕನಿಗೆ ಕೊಳ್ಳಿ. ಅನುಮತಿ ಪತ್ರ ಇಲ್ಲದೆ ಹೊರದೇಶದ ಬೀಜ ವಿಮಾನದಲ್ಲಿ ತರುವ ಹಾಗಿಲ್ಲ.

ನಾನು ಮೂರೂ ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ ಕುಂಡದಲ್ಲಿ ಹಾಕಿದೆ. ಎರಡು ಕೊಳೆತವು. ಒಂದು ಮೊಳೆಯಿತು. ಬೀಜದಿಂದ ಬಂದ ಗಿಡ ಹೂ ಬಿಡಲು ಹತ್ತು ವರ್ಷವೂ ಹಿಡಿಯಬಹುದು ಎಂದು ಆಮೇಲೆ ತಿಳಿಯಿತು. ಊರು ಬಿಡುವಾಗ ಮೇಲಿನ ಮನೆಯ ಆಯಿಗೆ ಕೊಟ್ಟು ಬಂದೆ. ಆಕೆ ಅದನ್ನು ಬಟ್ಟೆ ಒಣಹಾಕುವ ಕಂಬಿಗೆ ಹಬ್ಬಿಸಿದ್ದಾರೆ. ವರ್ಷಕ್ಕೊಮ್ಮೆ ಫೋಟೋ ಕಳಿಸುತ್ತಾರೆ. ಬರೀ ಎಲೆ, ಪಕ್ಕದಲ್ಲಿ ಅವರ ಯಜಮಾನರ ಬನಿಯನ್ನು.